ಲಾಂಗ್ ಬೆಲ್ ಆದ ಮೇಲಿನ ಶಾಲೆ

ಏಪ್ರಿಲ್ ಬಂತೆಂದರೆ ಹಾಸ್ಟೆಲ್ ಇರುವ ಹೆಣ್ಣುಮಕ್ಕಳ ಶಾಲೆಗಳಿಗೆ ಅಪ್ಪ-ಅಮ್ಮಂದಿರ ಓಡಾಟ ಶುರುವಾಗುತ್ತದೆ. ಬಹುತೇಕ ಎಲ್ಲರೂ ಹೋಗುವುದು ಬೆಳಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ. ಆಫೀಸಿನಲ್ಲಿ ಕೂರಿಸಿ ಬ್ರೋಷರ್ ಕೊಡುತ್ತಾರೆ. ಆಮೇಲೆ ಸ್ಮಾರ್ಟ್ ಕ್ಲಾಸ್, ಕಂಪ್ಯೂಟರ್ ಲ್ಯಾಬ್, ಸಭಾಂಗಣ, ಬ್ಯಾಸ್ಕೆಟ್‌ಬಾಲ್ ಅಂಕಣ ತೋರಿಸುತ್ತಾರೆ. ಇವೆಲ್ಲ ಇರಬೇಕಾದವೇ. ಆದರೆ ದಿನದಲ್ಲಿ ಪಾಠ ನಡೆಯುವುದು ಆರೇಳು ಗಂಟೆ ಮಾತ್ರ. ಸಂಜೆ ಲಾಂಗ್ ಬೆಲ್ ಹೊಡೆದು ಡೇ ಸ್ಕಾಲರ್‌ಗಳು ಬಸ್ ಹತ್ತಿದ ಮೇಲೆ, ಹಾಸ್ಟೆಲ್ ಹುಡುಗಿಯರ ಪಾಲಿಗೆ ಇನ್ನೂ ಹದಿನೇಳು ಗಂಟೆ ಉಳಿದಿರುತ್ತದೆ. ಮಗಳನ್ನು ಬಿಟ್ಟು ಬರುವವರು ನೋಡಬೇಕಾದದ್ದು ಆ ಹದಿನೇಳು ಗಂಟೆಯ ಶಾಲೆಯನ್ನು.

ಹಾಸ್ಟೆಲ್ ಮಕ್ಕಳೂ ಡೇ ಸ್ಕಾಲರ್‌ಗಳೂ ಒಟ್ಟಿಗೆ ಓದುವ ಶಾಲೆ ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್, 1880ರ ಬಾಲ್ಡ್‌ವಿನ್ ಬಾಲಕಿಯರ ಶಾಲೆಗಳು ಈ ಎರಡೂ ಬಗೆಯ ಮಕ್ಕಳನ್ನು ಕಂಡಿವೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು. ಅಲ್ಲಿಗೆ ವಸತಿ ವಿದ್ಯಾರ್ಥಿನಿಯಾಗಿ ಬಂದ ಮೊದಲ ವಿಧವೆ ಗೋದೂಬಾಯಿ, ಮುಂದೆ ಮಹರ್ಷಿ ಕರ್ವೆಯವರ ಪತ್ನಿಯಾಗಿ ಆನಂದೀಬಾಯಿ ಎನಿಸಿಕೊಂಡವರು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ವಸತಿ ಶಾಲೆ ಸೈನಿಕ ಶಾಲೆಯ ಮಾದರಿಯಲ್ಲಿ 1969ರಲ್ಲಿ ಶುರುವಾಯಿತು. ಸರ್ಕಾರದ ಕಡೆಯಿಂದ 2004ರಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ಬಂತು. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗಾಗಿ ಬಂದ ಯೋಜನೆ ಅದು. ಅದರ ಒಂದು ಮಾದರಿಯಲ್ಲಿ ಈಗಾಗಲೇ ಇರುವ ಸರ್ಕಾರಿ ಶಾಲೆಯ ಪಕ್ಕದಲ್ಲಿ ಹಾಸ್ಟೆಲ್ ಮಾತ್ರ ಕಟ್ಟುತ್ತಾರೆ. ಊರಿನಿಂದ ನಡೆದು ಬರುವ ಹುಡುಗಿಯೂ ಹಾಸ್ಟೆಲ್‌ನಿಂದ ಬರುವ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಶುಲ್ಕ ಲಕ್ಷಗಟ್ಟಲೆ ಇರಲಿ, ಒಂದು ರೂಪಾಯಿಯೂ ಇಲ್ಲದಿರಲಿ, ಮುಂದೆ ಹೇಳುವ ಲೆಕ್ಕ ಎರಡು ಕಡೆಗೂ ಒಂದೇ.

ಮೊದಲು ನೀರು. ಭಾರತೀಯ ಮಾನಕ 1172ರ ಪ್ರಕಾರ ಡೇ ಸ್ಕೂಲಿನ ಒಂದು ಮಗುವಿಗೆ ದಿನಕ್ಕೆ 45 ಲೀಟರ್ ನೀರು ಬೇಕು, ವಸತಿ ಶಾಲೆಯ ಮಗುವಿಗೆ 135 ಲೀಟರ್. ಸ್ನಾನ, ಬಟ್ಟೆ, ಅಡುಗೆ, ಪಾತ್ರೆ ಎಲ್ಲ ಸೇರಿದರೆ ಮೂರು ಪಟ್ಟಾಗುವುದು ಸಹಜವೇ. 300 ಹಾಸ್ಟೆಲ್ ಹುಡುಗಿಯರು, 400 ಡೇ ಸ್ಕಾಲರ್‌ಗಳು ಇರುವ ಶಾಲೆಯನ್ನು ಊಹಿಸಿಕೊಳ್ಳಿ. ಹಾಸ್ಟೆಲ್ಲಿಗೆ 40,500, ಉಳಿದವರಿಗೆ 18,000, ಒಟ್ಟು 58,500 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಹತ್ತು. ಮಾರ್ಚ್‌ನಲ್ಲಿ ಬೋರ್‌ವೆಲ್ ಕೈಕೊಟ್ಟರೆ ಏನು ಮಾಡುತ್ತೀರಿ, ಸಂಪಿನಲ್ಲಿ ಎಷ್ಟು ದಿನದ ನೀರು ನಿಲ್ಲುತ್ತದೆ ಎಂದು ಕೇಳಿ. ಎರಡು ದಿನದ ನೀರು ಹಿಡಿಯುವ ಸಂಪು ಅಂದರೆ 1 ಲಕ್ಷ 17 ಸಾವಿರ ಲೀಟರ್. ಕಾಗದದ ಮೇಲೆ 700 ಮಕ್ಕಳನ್ನು ತೋರಿಸಿ 30 ಸಾವಿರ ಲೀಟರಿನ ಸಂಪು ಇಟ್ಟುಕೊಂಡಿದ್ದರೆ, ಬೇಸಿಗೆಯಲ್ಲಿ ಮೊದಲು ಕಡಿತವಾಗುವುದು ಬಟ್ಟೆ ಒಗೆಯುವ ನೀರು, ಆಮೇಲೆ ಸ್ನಾನದ್ದು.

ಕುಡಿಯುವ ನೀರಿನ ವಿಷಯದಲ್ಲಿ ಹಾಸ್ಟೆಲ್ ಹುಡುಗಿಯ ಸ್ಥಿತಿ ಡೇ ಸ್ಕಾಲರ್‌ಗಿಂತ ಪೂರ್ತಿ ಬೇರೆ. ಡೇ ಸ್ಕಾಲರ್ ಮನೆಯಿಂದ ಬಾಟಲಿ ತರುತ್ತಾಳೆ, ಸಂಜೆ ಮನೆಯ ನೀರು ಕುಡಿಯುತ್ತಾಳೆ. ಹಾಸ್ಟೆಲ್‌ನವಳು ಐದು ವರ್ಷ ಕುಡಿಯುವುದೂ ಆ ಬೋರ್‌ವೆಲ್ಲಿನದನ್ನೇ, ಉಣ್ಣುವ ಅನ್ನ ಬೇಯುವುದೂ ಅದೇ ನೀರಿನಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರಿನ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಎಷ್ಟು ಹಳೆಯದೆಂಬುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿನ ಮಾನಕ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಟ್ಟ. ಬೇರೆ ನೀರಿನ ಮೂಲವೇ ಇಲ್ಲವೆಂದರೆ 1.5ರವರೆಗೆ. ಮಾಮೂಲಿ ಕ್ಯಾಂಡಲ್ ಫಿಲ್ಟರ್ ಫ್ಲೋರೈಡನ್ನು ತೆಗೆಯುವುದಿಲ್ಲ. ‘ಆರ್‌ಒ ಹಾಕಿಸಿದ್ದೇವೆ’ ಎಂದರೆ ಅಷ್ಟಕ್ಕೇ ಬಿಡದೆ, ಅಡುಗೆಮನೆಗೂ ಅದೇ ನೀರು ಹೋಗುತ್ತದೆಯೇ, ನೀರಿನ ಪರೀಕ್ಷೆಯ ಈಚಿನ ವರದಿ ಎಲ್ಲಿದೆ ಎಂದು ಕೇಳಬೇಕು. ಚೆನ್ನಾಗಿ ನಡೆಯುವ ಶಾಲೆ ಆ ವರದಿಯನ್ನು ನೋಟಿಸ್ ಬೋರ್ಡಿಗೇ ಅಂಟಿಸಿರುತ್ತದೆ.

ಹಾಸ್ಟೆಲ್ ಬದುಕಿನ ನಿಜವಾದ ಪರೀಕ್ಷೆ ಬೆಳಗ್ಗೆ ಐದೂವರೆಗೆ, ಬಚ್ಚಲಿನ ಮುಂದೆ. ವಸತಿ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳಿಗೆ ಆರು ಮಂದಿಗೆ ಒಂದು ಶೌಚಾಲಯ, ಆರು ಮಂದಿಗೆ ಒಂದು ಸ್ನಾನದ ಮನೆ ಇರಬೇಕೆಂದು ಕಟ್ಟಡ ಮಾನಕಗಳು ಹೇಳುತ್ತವೆ. ಹುಡುಗರಿಗೆ ಇದು ಎಂಟು ಮಂದಿಗೆ ಒಂದು. ಆರರ ಲೆಕ್ಕ ಏಕೆ ಎಂಬುದು ಗಡಿಯಾರ ಹಿಡಿದರೆ ಗೊತ್ತಾಗುತ್ತದೆ. ಒಬ್ಬೊಬ್ಬರಿಗೆ ಎಂಟು ನಿಮಿಷ ಹಿಡಿದರೆ ಆರು ಮಂದಿಯ ಸ್ನಾನ 48 ನಿಮಿಷದಲ್ಲಿ ಮುಗಿಯುತ್ತದೆ. ಐದೂವರೆಗೆ ಶುರುವಾದರೆ ಆರೂ ಕಾಲಿನ ಹೊತ್ತಿಗೆ ಎಲ್ಲರೂ ಸಿದ್ಧ. ಅದೇ ಬಚ್ಚಲನ್ನು ಹನ್ನೆರಡು ಮಂದಿಗೆ ಹಂಚಿದರೆ 96 ನಿಮಿಷ. ಆಗ ಸರದಿ ಹಿಡಿಯಲು ಯಾರೋ ನಾಲ್ಕೂವರೆಗೆ ಏಳಲೇಬೇಕು. ಸೀನಿಯರ್‌ಗಳು ತಮ್ಮ ಬಕೆಟ್ ಮೊದಲೇ ಇಟ್ಟಿರುತ್ತಾರಾದ್ದರಿಂದ, ಏಳಬೇಕಾಗುವುದು ಹತ್ತು-ಹನ್ನೊಂದು ವರ್ಷದ ಆರನೇ ತರಗತಿಯ ಮಕ್ಕಳು. ಮೂರನೇ ಪೀರಿಯಡ್‌ನಲ್ಲಿ ಆ ಮಗು ತೂಕಡಿಸಿದರೆ ಟೀಚರ್ ಡೈರಿಯಲ್ಲಿ ಬರೆಯುವುದು ‘ಗಮನ ಕಡಿಮೆ’ ಎಂದು. ಕಾರಣ ಬಚ್ಚಲಿನ ಬಾಗಿಲಲ್ಲಿ ಇರುತ್ತದೆ.

ತರಗತಿಗಳಿರುವ ಕಟ್ಟಡದ ಲೆಕ್ಕ ಬೇರೆ: ಹಗಲು ಶಾಲೆಯಲ್ಲಿ 25 ಹುಡುಗಿಯರಿಗೆ ಒಂದು ಶೌಚಾಲಯ. ಇಲ್ಲಿ ಅನೇಕ ಆಡಳಿತ ಮಂಡಳಿಗಳು ಎಡವುತ್ತವೆ. ‘ಹಾಸ್ಟೆಲ್‌ನವರಿಗೆ ಅಲ್ಲೇ ಇದೆಯಲ್ಲ’ ಎಂದು 400 ಡೇ ಸ್ಕಾಲರ್‌ಗಳಿಗೆ ಮಾತ್ರ ಹದಿನಾರು ಕಟ್ಟಿಸುತ್ತಾರೆ. ಶಾಲೆಯ ಹೊತ್ತಿನಲ್ಲಿ ಹಾಸ್ಟೆಲ್ಲಿಗೆ ಬೀಗ ಹಾಕುವುದು ರೂಢಿ. ಹಾಗಾಗಿ 700 ಮಂದಿಯೂ ಹತ್ತು ನಿಮಿಷದ ಬಿಡುವಿನಲ್ಲಿ ಆ ಹದಿನಾರರ ಮುಂದೆಯೇ ನಿಲ್ಲಬೇಕು. ಲೆಕ್ಕಕ್ಕೆ ಬೇಕಾದದ್ದು 28. ಸರದಿಗೆ ಹೆದರಿ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರನಾಳದ ಸೋಂಕು ಬರುವುದು ಹೀಗೆ. ಶೌಚಾಲಯದ ಒಳಗೆ ಚಿಲಕ, ಬಟ್ಟೆ ತೂಗುಹಾಕಲು ಒಂದು ಮೊಳೆ, ಮುಚ್ಚಳದ ಕಸದ ಡಬ್ಬಿ, ಎತ್ತರದಲ್ಲೊಂದು ಗವಾಕ್ಷಿ ಇವೆಯೇ ಎಂದು ಅಮ್ಮಂದಿರು ಒಳಗೆ ಹೋಗಿಯೇ ನೋಡಬೇಕು. ಬಳಸಿದ ಪ್ಯಾಡ್‌ಗಳನ್ನು ಏನು ಮಾಡುತ್ತಾರೆಂಬುದನ್ನೂ ಸಂಕೋಚ ಬಿಟ್ಟು ಕೇಳಬೇಕು. ಹಿತ್ತಲಲ್ಲಿ ಗುಂಡಿ ತೋಡಿ ಸುಡುತ್ತೇವೆ ಎಂದರೆ ಆ ಪ್ಲಾಸ್ಟಿಕ್ ಹೊಗೆ ಹೋಗುವುದು ಮಕ್ಕಳ ಕಿಟಕಿಗೇ. ಮಧ್ಯರಾತ್ರಿ ಒಬ್ಬ ಹುಡುಗಿಗೆ ಪ್ಯಾಡ್ ಬೇಕಾದರೆ ವಾರ್ಡನ್ ಬಾಗಿಲು ತಟ್ಟದೆ ಸಿಗುವ ಜಾಗದಲ್ಲಿ ಇರಬೇಕು. ಮೊದಲ ಸಲ ಮುಟ್ಟಾದ ಮಗುವಿಗಂತೂ ಆ ಬಾಗಿಲು ತಟ್ಟುವುದು ಬೆಟ್ಟ ಹತ್ತಿದಷ್ಟು ಕಷ್ಟ.

ಬ್ರೋಷರಿನಲ್ಲಿ ಎಂದೂ ಕಾಣದ ಇನ್ನೊಂದು ಜಾಗವಿದೆ: ಬಟ್ಟೆ ಒಣಗಿಸುವ ತಂತಿ. ನನ್ನ ಮಟ್ಟಿಗೆ ಹೆಣ್ಣುಮಕ್ಕಳ ಹಾಸ್ಟೆಲ್ಲನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ತಂತಿ ರಸ್ತೆಗೆ, ತೋಟದ ಕೆಲಸದವರಿಗೆ, ಆಟದ ಮೈದಾನಕ್ಕೆ ಕಾಣುವಂತಿದ್ದರೆ ಹುಡುಗಿಯರು ಒಳಉಡುಪನ್ನು ಟವೆಲ್ಲಿನ ಕೆಳಗೆ ಮುಚ್ಚಿ ಹಾಕುತ್ತಾರೆ. ಇಲ್ಲವಾದರೆ ಕೋಣೆಯ ಒಳಗೆ, ಮಂಚದ ಸರಳಿಗೆ, ಟ್ರಂಕಿನ ಹಿಂದೆ ಹರವುತ್ತಾರೆ. ಮಳೆಗಾಲದಲ್ಲಿ ಅದು ಮೂರು ದಿನವಾದರೂ ಒಣಗುವುದಿಲ್ಲ. ಅರೆ ಒದ್ದೆ ಬಟ್ಟೆ ಹಾಕಿಕೊಂಡು ತರಗತಿಗೆ ಹೋಗುತ್ತಾರೆ, ತುರಿಕೆ ಹತ್ತುತ್ತದೆ, ಯಾರಿಗೂ ಹೇಳುವುದಿಲ್ಲ. ಪರಿಹಾರಕ್ಕೆ ದೊಡ್ಡ ಖರ್ಚೇನೂ ಬೇಡ. ತಾರಸಿಯ ಮೇಲೆ ಎದೆಮಟ್ಟಕ್ಕಿಂತ ಎತ್ತರದ ಜಾಲಿ ಗೋಡೆ ಕಟ್ಟಿ, ಅರ್ಧಕ್ಕೆ ಬಿಸಿಲು ಬೀಳುವಂತೆ ಬಿಟ್ಟು, ಉಳಿದರ್ಧಕ್ಕೆ ಪಾರದರ್ಶಕ ಶೀಟ್ ಹೊದಿಸಿದರೆ ಆಯಿತು. ಹೆಣ್ಣುಮಕ್ಕಳ ಮಾತು ಕೇಳಿ ಕಟ್ಟಿದ ಹಾಸ್ಟೆಲ್ ಯಾವುದು, ನಕ್ಷೆ ನೋಡಿ ಕಟ್ಟಿದ್ದು ಯಾವುದು ಎಂಬುದು ಆ ತಾರಸಿ ಹತ್ತಿದರೆ ತಿಳಿಯುತ್ತದೆ.

ಬಿಸಿನೀರಿಗೆ ಈಗ ಎಲ್ಲ ಕಡೆ ಸೋಲಾರ್. ತಲೆಗೆ 20 ಲೀಟರ್ ಎಂದರೂ 300 ಮಂದಿಗೆ ಆರು ಸಾವಿರ ಲೀಟರ್ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಸೂರ್ಯನೇ ಕಾಣದ ದಿನಗಳಲ್ಲಿ ಬದಲಿ ಏನು, ಸೌದೆಯ ಬಾಯ್ಲರೋ ಕರೆಂಟೋ, ಇಷ್ಟು ಕೇಳಿದರೆ ಸಾಕು.

ಮಲಗುವ ಕೋಣೆ ವಿಶಾಲವೇ ಇಕ್ಕಟ್ಟೇ ಎಂಬುದಕ್ಕೂ ಒಂದು ಅಳತೆಗೋಲು ಇದೆ. ಬಾಲನ್ಯಾಯ ಕಾಯ್ದೆಯಡಿ 2016ರಲ್ಲಿ ಬಂದ ಮಾದರಿ ನಿಯಮಗಳು ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ 25 ಮಕ್ಕಳ ಡಾರ್ಮಿಟರಿಗೆ ಸಾವಿರ ಚದರ ಅಡಿ, ಅಂದರೆ ತಲೆಗೆ 40 ಚದರ ಅಡಿ ಇರಬೇಕೆನ್ನುತ್ತವೆ. ಅನಾಥ ಮಕ್ಕಳ ಆಶ್ರಯಕ್ಕೆ ಸರ್ಕಾರ ಕೇಳುವ ಜಾಗವನ್ನು ಶುಲ್ಕ ಪಡೆಯುವ ಹಾಸ್ಟೆಲ್ ಕೊಡಲಾರದೆಂದರೆ ಒಪ್ಪುವ ಮಾತಲ್ಲ. ಎರಡು ಅಂತಸ್ತಿನ ಮಂಚ ಹಾಕಿದಾಗ ಮಲಗುವ ಜಾಗ ಇಮ್ಮಡಿಯಾಗಬಹುದು, ಕೋಣೆಯ ಗಾಳಿ ಇಮ್ಮಡಿಯಾಗುವುದಿಲ್ಲ. ಪ್ರತಿ ಮಗುವಿಗೂ ಬೀಗ ಹಾಕುವ ಒಂದು ಕಪಾಟು ಇರಲೇಬೇಕು. ಮನೆಯಿಂದ ಬಂದ ಚಕ್ಕುಲಿ ಡಬ್ಬಿ, ಒಂದು ಡೈರಿ, ನೂರು ರೂಪಾಯಿ: ಆ ವಯಸ್ಸಿನಲ್ಲಿ ‘ನನ್ನದು’ ಎನ್ನುವುದು ಅಷ್ಟೇ ಇರುತ್ತದೆ, ಅದಕ್ಕೊಂದು ಕೀಲಿ ಬೇಡವೇ?

ಇನ್ನು ಬೆಂಕಿ ಮತ್ತು ಬೀಗ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿಕೊಂಡ ಬೆಂಕಿ ಮೇಲಿನ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ತೀರಿಕೊಂಡರು. ಆ ಪ್ರಕರಣವನ್ನೂ ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟ್ 2009ರಲ್ಲಿ ಸುರಕ್ಷಿತ ಕಟ್ಟಡದಲ್ಲಿ ಓದುವುದು ಮಗುವಿನ ಹಕ್ಕು ಎಂದು ಹೇಳಿತು. ಅಡುಗೆಮನೆ ಪಾಠದ ಕಟ್ಟಡದಿಂದಲೂ ಹಾಸ್ಟೆಲ್‌ನಿಂದಲೂ ದೂರ ಇರಬೇಕು, ಸಿಲಿಂಡರುಗಳು ಹೊರಗಿನ ಜಾಲರಿ ಕೋಣೆಯಲ್ಲಿರಬೇಕು ಎನ್ನುವುದು ಈ ಕಾರಣಕ್ಕೆ. ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಮಾತ್ರ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಭದ್ರತೆಯ ಹೆಸರಿನಲ್ಲಿ ಎಲ್ಲ ಕಿಟಕಿಗೂ ಗ್ರಿಲ್, ರಾತ್ರಿ ಒಂಬತ್ತಕ್ಕೆ ಹೊರಗಿನಿಂದ ಬೀಗ, ಕೀಲಿ ಗೇಟಿನ ವಾಚ್‌ಮನ್ ಬಳಿ. ಹೊರಗಿನವರು ಒಳಗೆ ಬಾರದಂತೆ ಮಾಡಿದ ಈ ಏರ್ಪಾಡೇ ಬೆಂಕಿ ಬಿದ್ದ ರಾತ್ರಿ ಒಳಗಿನವರನ್ನು ಹೊರಗೆ ಬಿಡುವುದಿಲ್ಲ. ಬೀಗ ಒಳಗಿನಿಂದ ಇರಬೇಕು, ಕೀಲಿ ಒಳಗೇ ಮಲಗುವ ವಾರ್ಡನ್ ಕೈಯಲ್ಲಿರಬೇಕು, ಪ್ರತಿ ಮಹಡಿಯಲ್ಲೂ ಕನಿಷ್ಠ ಒಂದು ಗ್ರಿಲ್ ತೆರೆಯುವಂತಿರಬೇಕು, ಇಳಿಯಲು ಎರಡು ಮೆಟ್ಟಿಲು ಇರಬೇಕು. ಎರಡನೇ ಮೆಟ್ಟಿಲನ್ನು ನಿಮ್ಮ ಕಣ್ಣಾರೆ ನೋಡಿ. ಎಷ್ಟೋ ಕಡೆ ಅಲ್ಲಿ ಮುರಿದ ಬೆಂಚು, ಹಳೆಯ ಹಾಸಿಗೆ ಪೇರಿಸಿರುತ್ತಾರೆ.

ಕ್ಯಾಂಪಸ್ಸಿನ ನಕ್ಷೆಯಲ್ಲೂ ಒಂದು ಕ್ರಮವಿದೆ. ಗೇಟು, ಆಫೀಸು, ಭೇಟಿಗೆ ಬಂದವರ ಕೋಣೆ ಮುಂದೆ, ಆಮೇಲೆ ತರಗತಿ, ಲ್ಯಾಬು, ಗ್ರಂಥಾಲಯ, ನಂತರ ಮೈದಾನ ಮತ್ತು ಮೆಸ್, ಕೊನೆಗೆ ಹಾಸ್ಟೆಲ್. ಒಳಗೆ ಹೋದಂತೆಲ್ಲ ಹೋಗಬಲ್ಲವರ ಸಂಖ್ಯೆ ಕಡಿಮೆಯಾಗಬೇಕು. ಶಾಲೆಗೆ ಬಂದ ಅಪ್ಪ ಆಫೀಸಿನವರೆಗೆ, ಡೇ ಸ್ಕಾಲರ್ ಮೆಸ್‌ವರೆಗೆ, ಹಾಸ್ಟೆಲ್‌ನ ಒಳಗೆ ಅಲ್ಲಿರುವವರು ಮಾತ್ರ. ಡೇ ಸ್ಕಾಲರ್‌ಗಳನ್ನು ಹಾಸ್ಟೆಲ್ಲಿಗೆ ಬಿಡದಿರುವುದು ಅವರ ಮೇಲಿನ ಅನುಮಾನಕ್ಕಲ್ಲ. ಕೆಲವರ ಮನೆಯೇ ಅಲ್ಲಿದೆ, ಅವರ ಮಂಚದ ಮೇಲೆ ಎಲ್ಲರೂ ಬಂದು ಕೂರುವುದು ಬೇಡ ಎಂಬುದಕ್ಕೆ. ತರಕಾರಿ, ಗ್ಯಾಸ್, ನೀರಿನ ಟ್ಯಾಂಕರ್ ಬರುವ ದಾರಿ ಹಾಸ್ಟೆಲ್ ಮುಂದೆ ಹಾದುಹೋಗದೆ ಮೆಸ್ಸಿನ ಹಿಂಬಾಗಿಲಿಗೆ ಪ್ರತ್ಯೇಕವಾಗಿ ಇದ್ದರೆ, ಆ ಶಾಲೆಯನ್ನು ಯಾರೋ ಯೋಚಿಸಿ ಕಟ್ಟಿದ್ದಾರೆ ಎನ್ನಬಹುದು.

ತರಗತಿಗಳ ಅಳತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಬಿಎಸ್‌ಇ ಶಾಲೆಯಾದರೆ ತರಗತಿ 8 ಮೀಟರ್‌ಗೆ 6 ಮೀಟರ್, ವಿಜ್ಞಾನದ ಲ್ಯಾಬ್ 9ಕ್ಕೆ 6, ಗ್ರಂಥಾಲಯ 14ಕ್ಕೆ 8. ಗ್ರಂಥಾಲಯಕ್ಕೆ ಲಾಂಗ್ ಬೆಲ್ ಹೊತ್ತಿಗೇ ಬೀಗ ಬೀಳುತ್ತದೆಯೋ, ಸಂಜೆ ಹಾಸ್ಟೆಲ್‌ನವರಿಗೆ ತೆರೆದಿರುತ್ತದೆಯೋ ಎಂಬುದು ಅಳತೆಗಿಂತ ಮುಖ್ಯ. ಮೈದಾನಕ್ಕೂ ಇದೇ ಪ್ರಶ್ನೆ. ನಾಲ್ಕೂವರೆಯಿಂದ ಆರರವರೆಗೆ ಖೊಖೊ, ಥ್ರೋಬಾಲ್, ಕಬಡ್ಡಿ ಆಡಿಸುವ ಒಬ್ಬ ಪಿ.ಟಿ. ಟೀಚರ್ ಇದ್ದರೆ ಹುಡುಗಿಯರು ರಾತ್ರಿ ಚೆನ್ನಾಗಿ ಉಣ್ಣುತ್ತಾರೆ, ಚೆನ್ನಾಗಿ ನಿದ್ದೆ ಮಾಡುತ್ತಾರೆ, ಮನೆಯ ನೆನಪಿನ ಅಳು ಅರ್ಧ ಕಡಿಮೆಯಾಗುತ್ತದೆ.

ಊಟ ಎಂದ ಕೂಡಲೇ ನಾವು ರುಚಿ ಕೇಳುತ್ತೇವೆ. ಕೇಳಬೇಕಾದದ್ದು ಕಬ್ಬಿಣಾಂಶ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59.1 ಮಂದಿಗೆ ರಕ್ತಹೀನತೆ. ಹಾಸ್ಟೆಲ್ ಇದನ್ನು ಸರಿಪಡಿಸಲು ಮನೆಗಿಂತ ಒಳ್ಳೆಯ ಜಾಗ, ಏಕೆಂದರೆ ಮೂರು ಹೊತ್ತಿನ ಊಟವೂ ಅದರ ಕೈಯಲ್ಲೇ ಇದೆ. ವಾರದಲ್ಲಿ ಎಷ್ಟು ದಿನ ಸೊಪ್ಪಿನ ಸಾರು, ಎಷ್ಟು ದಿನ ರಾಗಿ, ಮೊಳಕೆ ಕಾಳು, ಮೊಟ್ಟೆ, ಜೊತೆಗೆ ನಿಂಬೆಹಣ್ಣೋ ಸೀಬೆಯೋ ಇದೆಯೇ ಎಂದು ಮೆನು ಬೋರ್ಡಿನಲ್ಲಿ ನೋಡಿ. ಊಟವಾದ ಕೂಡಲೇ ಟೀ ಕೊಡುವ ರೂಢಿಯಿದ್ದರೆ ಬಿಡಿಸಲು ಹೇಳಿ, ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಟೀ ತಡೆಯುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುವ ಕಾರ್ಯಕ್ರಮವಿದೆ. ಅದನ್ನು ಬರಿ ಹೊಟ್ಟೆಗೆ ನುಂಗಿಸಿದರೆ ಹೊಟ್ಟೆ ತೊಳಸುತ್ತದೆ, ಮುಂದಿನ ವಾರ ಮಕ್ಕಳು ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಾರೆ. ಊಟದ ನಂತರ ಕೊಡಬೇಕು.

ಕಾಯಿಲೆ ಬಿದ್ದ ಮಗುವನ್ನು ಬೇರೆ ಮಲಗಿಸಲು ಸಿಕ್ ರೂಂ, ಹಗಲು ಒಬ್ಬ ನರ್ಸ್, ರಾತ್ರಿ ಆಸ್ಪತ್ರೆಗೆ ಒಯ್ಯಲು ಗಾಡಿ, ಗಾಡಿಗೆ ಅಲ್ಲೇ ಮಲಗುವ ಡ್ರೈವರ್, ಜೊತೆಗೆ ಹೋಗಲು ಒಬ್ಬ ಹೆಂಗಸು. ಕೊನೆಯ ಎರಡನ್ನು ಕೇಳುವವರು ಕಡಿಮೆ.

ವಾರ್ಡನ್ ಬಗ್ಗೆ ಕೇಳುವಾಗ ‘ಎಷ್ಟು ಮಂದಿ’ ಎಂಬುದರ ಜೊತೆಗೆ ‘ಎಲ್ಲಿ ಮಲಗುತ್ತಾರೆ’ ಎಂದೂ ಕೇಳಿ. ಚಿಕ್ಕ ಮಕ್ಕಳಿರುವ ಮಹಡಿಯಲ್ಲೇ ಆಕೆಯ ಕೋಣೆ ಇರಬೇಕು. ಹಗಲೆಲ್ಲ ಗಣಿತ ಪಾಠ ಮಾಡಿ ರಾತ್ರಿ 150 ಹುಡುಗಿಯರ ಹೊಣೆ ಹೊರುವ ಟೀಚರ್ ವಾರ್ಡನ್ ಅಲ್ಲ, ದಣಿದ ಹೆಣ್ಣುಮಗಳು. ಅವರಿಗೂ ಇದು ಅನ್ಯಾಯ. ಅಡುಗೆಯವರು, ವಾಚ್‌ಮನ್, ಬಸ್ ಡ್ರೈವರ್ ಎಲ್ಲರ ಪೊಲೀಸ್ ಪರಿಶೀಲನೆ ಆಗಿರಬೇಕು. 2012ರ ಪೋಕ್ಸೋ ಕಾಯ್ದೆಯಲ್ಲಿ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ಸುಮ್ಮನಿದ್ದರೆ ಒಂದು ವರ್ಷದವರೆಗೆ ಜೈಲು. ‘ಶಾಲೆಯ ಮರ್ಯಾದೆ’ ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098ನ್ನು ದೊಡ್ಡ ಅಕ್ಷರದಲ್ಲಿ ಬರೆದು, ವಾರ್ಡನ್ ಮೂಲಕ ಹೋಗದೆ ಆ ಸಂಖ್ಯೆಗೆ ಕರೆ ಮಾಡಬಲ್ಲ ಒಂದು ಫೋನ್ ಇಟ್ಟಿರಬೇಕು.

ಫೋನಿನ ಲೆಕ್ಕವನ್ನೂ ಮಾಡಿ ನೋಡಿ. ಭಾನುವಾರ ತಲೆಗೆ ಐದು ನಿಮಿಷ ಮಾತಾಡಿಸುತ್ತೇವೆ ಎನ್ನುತ್ತಾರೆ. 300 ಹುಡುಗಿಯರಿಗೆ ಐದೈದು ನಿಮಿಷ ಅಂದರೆ 1,500 ನಿಮಿಷ, 25 ಗಂಟೆ. ಒಂದೇ ಫೋನಿದ್ದರೆ ಭಾನುವಾರ ಮುಗಿದರೂ ಸರದಿ ಮುಗಿಯುವುದಿಲ್ಲ. ಆರು ಫೋನಾದರೂ ಬೇಕು, ಅಥವಾ ತರಗತಿವಾರು ದಿನ ಹಂಚಬೇಕು. ಪಕ್ಕದಲ್ಲಿ ಯಾರೂ ನಿಂತು ಕೇಳಿಸಿಕೊಳ್ಳದಂತೆ ಒಂದು ಮೂಲೆ ಬೇಕು. ‘ಚೆನ್ನಾಗಿದ್ದೀನಮ್ಮ’ ಎಂಬ ಮಾತು ನಿಜವೋ ಸುಳ್ಳೋ ತಿಳಿಯುವುದು ಆಗ.

ಡೇ ಸ್ಕಾಲರ್‌ಗಳಿಗೆ ಬೇಕಾದವು ಸಣ್ಣವು, ಮರೆತುಹೋಗುವಂಥವು. ಮಳೆಯಲ್ಲಿ ನೆನೆದು ಬಂದವರಿಗೆ ಬಟ್ಟೆ ಬದಲಿಸುವ ಕೋಣೆ, ಬುತ್ತಿ ಉಣ್ಣಲು ಫ್ಯಾನ್ ಇರುವ ಜಾಗ, ಭಾರದ ಪುಸ್ತಕ ಬಿಟ್ಟುಹೋಗಲು ಲಾಕರ್, ಸಂಜೆ ಬಸ್ ತಡವಾದರೆ ಕಾಯಲು ಗೇಟಿನ ಒಳಗೇ ಒಂದು ಚಾವಣಿ. ಶಾಲಾ ಬಸ್ಸು ಗಂಟೆಗೆ 40 ಕಿಲೋಮೀಟರ್ ಮೀರದಂತೆ ವೇಗ ನಿಯಂತ್ರಕ ಇರಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಹೆಣ್ಣುಮಕ್ಕಳ ಬಸ್ಸಿನಲ್ಲಿ ಕೊನೆಯ ಹುಡುಗಿ ಇಳಿಯುವವರೆಗೂ ಆಯಾ ಇರಬೇಕು, ಅರ್ಧ ದಾರಿಯಲ್ಲಿ ಇಳಿದುಹೋಗಬಾರದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಹೆಣ್ಣುಮಕ್ಕಳಿಗೆ ಉಳಿದಿದೆ. ಹಾಗಾಗಿ ಹತ್ತು-ಹದಿನೈದು ಕಿಲೋಮೀಟರ್ ದೂರದವರು ಹಾಸ್ಟೆಲ್ ಬೇಕೇ ಬೇಡವೇ ಎಂದು ನಿರ್ಧರಿಸುವ ಮೊದಲು ಬಸ್ಸಿನ ವೇಳಾಪಟ್ಟಿಯನ್ನು ಶಾಲೆಯ ವೇಳೆಯ ಜೊತೆ ಇಟ್ಟು ನೋಡುವುದು ಒಳ್ಳೆಯದು.

ಕೊನೆಯದಾಗಿ ಜನವರಿಯ ವಿಷಯ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಂತೆ ಅನೇಕ ಶಾಲೆಗಳು ಹತ್ತನೆಯ ಡೇ ಸ್ಕಾಲರ್‌ಗಳನ್ನೂ ಎರಡು-ಮೂರು ತಿಂಗಳ ಮಟ್ಟಿಗೆ ಹಾಸ್ಟೆಲ್ಲಿಗೆ ಸೇರಿಸಿಕೊಳ್ಳುತ್ತವೆ. ಸ್ಟಡಿ ಅವರ್ ಸಿಗುತ್ತದೆ, ಓಡಾಟ ತಪ್ಪುತ್ತದೆ, ಮಕ್ಕಳಿಗೆ ಅನುಕೂಲವೇ. ಆದರೆ 60 ಹುಡುಗಿಯರು ಹೆಚ್ಚಾದರೆ ದಿನಕ್ಕೆ 5,400 ಲೀಟರ್ ನೀರು ಹೆಚ್ಚು ಬೇಕು, ಹತ್ತು ಶೌಚಾಲಯ, ಹತ್ತು ಬಚ್ಚಲು, 60 ಮಂಚ ಬೇಕು, ಅದೂ ಬೇಸಿಗೆಯ ಬಾಗಿಲಲ್ಲಿ. ಈ ಮಕ್ಕಳು ನೆಲದ ಮೇಲೆ ಹಾಸಿಗೆ ಹಾಕಿ ಮಲಗುತ್ತಾರೋ, ಅವರಿಗಾಗಿ ಒಂದು ಮಹಡಿ ಖಾಲಿ ಇಟ್ಟಿರುತ್ತಾರೋ ಎಂದು ಪ್ರವೇಶದ ದಿನವೇ ಕೇಳಿಡಿ. ಸಾಧ್ಯವಾದರೆ ಏಪ್ರಿಲ್‌ವರೆಗೆ ಕಾಯದೆ ಫೆಬ್ರವರಿಯ ಒಂದು ಸಂಜೆ, ಡೇ ಸ್ಕಾಲರ್‌ಗಳ ಬಸ್ಸುಗಳು ಹೊರಟ ಮೇಲೆ ಶಾಲೆಗೆ ಹೋಗಿ ಬನ್ನಿ.